ಗೊಬ್ನಿಟ್: ಒಂದು ಕುಲುಮೆಯ ಹೆಸರು

ಗೊಬ್ನಿಟ್ ಐರ್ಲೆಂಡಿನ ಹೆಣ್ಣುಮಕ್ಕಳ ಬಹು ಹಳೆಯ ಹೆಸರುಗಳಲ್ಲಿ ಒಂದು. ದೇಶದ ದಕ್ಷಿಣ ಭಾಗದ ಮನ್‌ಸ್ಟರ್ ಪ್ರಾಂತ್ಯದಲ್ಲಿ, ಅದರಲ್ಲೂ ಕಾರ್ಕ್ ಮತ್ತು ಕೆರಿ ಕೌಂಟಿಗಳ ಐರಿಷ್ ಮಾತಾಡುವ ಹಳ್ಳಿಗಳಲ್ಲಿ, ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಬಂದ ಹೆಸರು ಇದು. ಈಗ ತೀರ ವಿರಳವಾಗಿದೆ. ನೀವ್, ಈಫಾ, ಸೀರ್ಷಾ ಮುಂತಾದ ಐರಿಷ್ ಹೆಸರುಗಳು ಜಗತ್ತಿನಾದ್ಯಂತ ಹರಡಿರುವ ಈ ಕಾಲದಲ್ಲಿ ಗೊಬ್ನಿಟ್ ಮಾತ್ರ ಹುಟ್ಟಿದೂರನ್ನು ಬಿಟ್ಟು ಹೆಚ್ಚು ದೂರ ಹೋಗಿಲ್ಲ.

ಹೆಸರಿನ ಅರ್ಥ ಹುಡುಕಹೊರಟವರಿಗೆ ಮೊದಲೇ ಒಂದು ಗೊಂದಲ ಎದುರಾಗುತ್ತದೆ. ಮಕ್ಕಳಿಗೆ ಹೆಸರಿಡಲು ನೆರವಾಗುವ ಪಟ್ಟಿಗಳಲ್ಲಿ ಇದಕ್ಕೆ ಕೆಲವು ಕಡೆ 'ಜೇನುನೊಣ' ಎಂದೂ, ಕೆಲವು ಕಡೆ 'ಸಂತೋಷ ತರುವವಳು' ಎಂದೂ ಅರ್ಥ ಕೊಟ್ಟಿರುತ್ತಾರೆ. ಎರಡೂ ಕಿವಿಗೆ ಇಂಪಾಗಿವೆ, ಎರಡೂ ತಪ್ಪು. ಈ ಹೆಸರಿಗೂ ಕಮ್ಮಾರನ ಕುಲುಮೆಗೂ ನಂಟು. ತಪ್ಪು ಅರ್ಥಗಳು ಎಲ್ಲಿಂದ ಬಂದವು ಎಂಬುದಕ್ಕೆ ಕಾರಣವಿದೆ. ಅದಕ್ಕೆ ಮೊದಲು ಹೆಸರನ್ನು ಬಿಡಿಸಿ ನೋಡಬೇಕು.

ಹಳೆಯ ಐರಿಷ್ ಭಾಷೆಯಲ್ಲಿ ಕಮ್ಮಾರನನ್ನು 'ಗೊಬೆ' ಎನ್ನುತ್ತಿದ್ದರು. ಇಂದಿನ ಐರಿಷ್‌ನಲ್ಲಿ ಅದೇ ಪದ 'ಗಾವ' ಎಂಬಂತೆ ಕೇಳಿಸುತ್ತದೆ. ಐರ್ಲೆಂಡಿನ ಪುರಾಣಗಳಲ್ಲಿ ದೇವಗಣಕ್ಕೆ ಆಯುಧ ಮಾಡಿಕೊಡುವ ಕಮ್ಮಾರ ದೇವತೆಯ ಹೆಸರು ಗೊಯ್ಬ್ನಿಯು. ಅವನು ಬಡಿದ ಈಟಿಯ ಗುರಿ ತಪ್ಪುವುದಿಲ್ಲ, ಅವನ ಔತಣದಲ್ಲಿ ಕುಡಿದವರಿಗೆ ಮುಪ್ಪಿಲ್ಲ. ಪಕ್ಕದ ವೇಲ್ಸಿನ ಕಥೆಗಳಲ್ಲಿ ಬರುವ ಗೊವಾನನ್ ಇವನ ದಾಯಾದಿಯೇ. ಊರೂರು ಸುತ್ತಿ ಕೋಟೆ, ಗುಡಿಗಳನ್ನು ಕಟ್ಟಿದನೆಂದು ಹೇಳುವ ಜಾಣ ಶಿಲ್ಪಿ ಗೊಬಾನ್ ಸೇರ್‌ನ ಹೆಸರಿಗೂ ಇದೇ ಮೂಲ. ಇಂದು ಅಮೆರಿಕ, ಆಸ್ಟ್ರೇಲಿಯಗಳವರೆಗೆ ಹರಡಿರುವ ಮೆಕ್‌ಗವನ್ ಎಂಬ ಮನೆತನದ ಹೆಸರಿನ ಅರ್ಥ ಕಮ್ಮಾರನ ಮಗ ಎಂದು. ಇಂಗ್ಲಿಷರ ಆಳ್ವಿಕೆಯಲ್ಲಿ ಅದೆಷ್ಟೋ ಮೆಕ್‌ಗವನ್ನರು ಕಮ್ಮಾರನೆಂದೇ ಅರ್ಥ ಕೊಡುವ ಸ್ಮಿತ್‌ಗಳಾಗಿ ಹೋದರು.

ಇನ್ನು ಹೆಸರಿನ ಬಾಲ. '-ನಾತ್' ಅಥವಾ '-ನಿಟ್' ಎಂಬುದು ಹಳೆಯ ಐರಿಷ್‌ನಲ್ಲಿ ಹೆಣ್ಣಿನ ಹೆಸರಿಗೆ ಹತ್ತುವ ಮುದ್ದಿನ ಪ್ರತ್ಯಯ. ಗಂಡಿನ ಹೆಸರಿಗೆ ಇದೇ ಕೆಲಸ ಮಾಡುವುದು '-ಆನ್'. ಹೀಗಾಗಿ ಹಳೆಯ ಹೆಸರುಗಳು ಹಲವು ಬಾರಿ ಜೋಡಿಯಾಗಿ ಸಿಗುತ್ತವೆ. ಕಪ್ಪು ಬಣ್ಣದ ಹುಡುಗ ಕಿಯರಾನ್ ಆದರೆ ಹುಡುಗಿ ಕಿಯರ್ನಿಟ್. 'ರೋನ್' ಎಂದರೆ ಕಡಲ ಸೀಲ್ ಪ್ರಾಣಿ; ಅದರಿಂದ ರೋನಾನ್ ಮತ್ತು ರೋನ್ನಾತ್. ಈ ರೋನ್ನಾತ್ ಸಾಮಾನ್ಯಳಲ್ಲ. ಯುದ್ಧದಲ್ಲಿ ಹೆಂಗಸರು, ಮಕ್ಕಳು, ಪಾದ್ರಿಗಳ ಮೇಲೆ ಕೈಮಾಡಬಾರದೆಂದು 697ರಲ್ಲಿ ಕಾನೂನು ಸಾರಿದ ಅಯೋನಾ ಮಠದ ಮುಖ್ಯಸ್ಥ ಅದೊಮ್ನಾನ್‌ನ ತಾಯಿ ಅವಳು. ಗೊಬಾನ್‌ಗೆ ಜೋಡಿಯಾದ ಹೆಣ್ಣು ಹೆಸರೇ ಗೊಬ್ನಿಟ್. ಪುಟ್ಟ ಕಮ್ಮಾರಗಿತ್ತಿ ಎಂದರೆ ಹೆಸರಿಗೆ ಹತ್ತಿರವಾದ ಅರ್ಥ ಬರುತ್ತದೆ.

ಕಮ್ಮಾರಿಕೆಯ ಹೆಸರು ಹೆಣ್ಣುಮಗುವಿಗೆ ಏಕೆ ಎಂಬ ಪ್ರಶ್ನೆ ಏಳಬಹುದು. ಹಳೆಯ ಐರಿಷ್ ಸಮಾಜದಲ್ಲಿ ಕಮ್ಮಾರನೆಂದರೆ ಬರಿಯ ಕಸುಬುದಾರನಲ್ಲ, ಮಂತ್ರ ಬಲ್ಲವನು. ಕಲ್ಲಿನಿಂದ ಕಬ್ಬಿಣ ತೆಗೆಯುವವನ ಬಗ್ಗೆ ಭಯ, ಭಕ್ತಿ ಎರಡೂ ಇದ್ದವು. ಬ್ರಿಜಿಡ್ ಎಂಬ ದೇವತೆಗೆ ಕಾವ್ಯ, ವೈದ್ಯ, ಕಮ್ಮಾರಿಕೆ ಮೂರಕ್ಕೂ ನಂಟು ಹೇಳುವ ಹಳೆಯ ನಿಘಂಟೂ ಉಂಟು. ಬೆಂಕಿ ಮತ್ತು ಲೋಹದ ಮೇಲೆ ಹೆಣ್ಣಿಗೆ ಅಧಿಕಾರವಿದೆಯೆಂಬ ಕಲ್ಪನೆ ಆ ನೆಲಕ್ಕೆ ಹೊಸತಲ್ಲ. ಇವೇ ಹೆಸರುಗಳ ಇಬ್ಬರು ಕ್ರೈಸ್ತ ಸಂತರೂ ಇದ್ದಾರೆ: ಬ್ರಿಜಿಡ್‌ಳ ಹಬ್ಬ ಫೆಬ್ರವರಿ 1ಕ್ಕೆ, ಗೊಬ್ನಿಟ್‌ಳ ಹಬ್ಬ ಫೆಬ್ರವರಿ 11ಕ್ಕೆ.

ಹೆಸರು ಉಳಿದದ್ದು ಈ ಎರಡನೆಯ ಸಂತಳಿಂದ. ಗೊಬ್ನಿಟ್‌ಳ ಬದುಕನ್ನು ಹೇಳುವ ಪ್ರತ್ಯೇಕ ಮಧ್ಯಯುಗದ ಚರಿತ್ರೆ ಯಾವುದೂ ಉಳಿದಿಲ್ಲ. ಹಳೆಯ ಸಂತರ ಪಂಚಾಂಗಗಳಲ್ಲಿ ಅವಳ ದಿನವಿದೆ, ಅಬಾನ್ ಎಂಬ ಇನ್ನೊಬ್ಬ ಸಂತನ ಕಥೆಯ ನಡುವೆ ಅವಳ ಮಠದ ಮಾತು ಬರುತ್ತದೆ. ಮಿಕ್ಕದ್ದನ್ನೆಲ್ಲ ಜನರೇ ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದಿದ್ದಾರೆ. ಆ ಕಥೆಯ ಪ್ರಕಾರ ಗೊಬ್ನಿಟ್ ಹುಟ್ಟಿದ್ದು 5ನೇ ಅಥವಾ 6ನೇ ಶತಮಾನದಲ್ಲಿ, ಕ್ಲೇರ್ ಕೌಂಟಿಯಲ್ಲಿ. ಏನೋ ವೈರದಿಂದ ತಪ್ಪಿಸಿಕೊಳ್ಳಲು ಮನೆ ಬಿಟ್ಟು, ಅರಾನ್ ದ್ವೀಪಗಳಲ್ಲಿ ಅತಿ ಚಿಕ್ಕದಾದ ಇನಿಶೀರ್‌ಗೆ ಹೋದಳು. ಅಲ್ಲಿ ಅವಳ ಹೆಸರಿನ ಪುಟ್ಟ ಚರ್ಚಿನ ಕಲ್ಲುಗೋಡೆ ಇಂದಿಗೂ ಇದೆ. ಒಂದು ದಿನ ದೇವದೂತ ಬಂದು, ನೀನು ನೆಲೆಸಬೇಕಾದ ಜಾಗ ಇದಲ್ಲ, ಒಂಬತ್ತು ಬಿಳಿ ಜಿಂಕೆಗಳು ಒಟ್ಟಿಗೆ ಮೇಯುವುದು ಎಲ್ಲಿ ಕಾಣುತ್ತದೋ ಅಲ್ಲಿ ನಿಲ್ಲು ಎಂದನಂತೆ. ದಕ್ಷಿಣಕ್ಕೆ ಅಲೆಯುತ್ತ ಬಂದವಳಿಗೆ ಕಾರ್ಕ್ ಕೌಂಟಿಯ ಕ್ಲಾಂಡ್ರೊಹಿಡ್‌ನಲ್ಲಿ ಮೂರು ಜಿಂಕೆ ಕಂಡವು. ಬಾಲಿಮಕೀರಾದಲ್ಲಿ ಆರು. ಅದಕ್ಕೆ ಅಂಟಿಕೊಂಡ ಬಾಲಿವೋರ್ನಿಯಲ್ಲಿ ಒಂಬತ್ತು. ಅಲ್ಲಿಯೇ ಅವಳು ಸನ್ಯಾಸಿನಿಯರ ಮಠ ಕಟ್ಟಿದಳು, ಅಲ್ಲಿಯೇ ಮಣ್ಣಾದಳು.

ಬಾಲಿವೋರ್ನಿ ಇರುವುದು ಕಾರ್ಕ್ ಕೌಂಟಿಯ ಪಶ್ಚಿಮದಲ್ಲಿ, ಕೆರಿಯ ಗಡಿಗೆ ಹತ್ತಿರ, ಸುಲೇನ್ ನದಿಯ ಕಣಿವೆಯಲ್ಲಿ. ಇಂದಿಗೂ ಐರಿಷ್ ನುಡಿಯ ಪ್ರದೇಶವೆಂದು ಸರ್ಕಾರ ಗುರುತಿಸಿದ ಊರು. ಗೊಬ್ನಿಟ್‌ಳ ಪವಾಡಗಳೆಲ್ಲ ಈ ಊರಿನ ಹೊಲ, ಗೋಡೆ, ಬಾವಿಗಳಿಗೇ ಕಟ್ಟಿಕೊಂಡಿವೆ. ಪ್ಲೇಗು ಊರಿಗೆ ನುಗ್ಗುವಾಗ ಆಕೆ ಕೋಲಿನಿಂದ ನೆಲದ ಮೇಲೆ ಗೆರೆ ಎಳೆದಳು, ರೋಗ ಆ ಗೆರೆ ದಾಟಲಿಲ್ಲ. ಅಲ್ಲಿನ ಹೊಲವೊಂದಕ್ಕೆ ಇಂದೂ ಪ್ಲೇಗಿನ ಹೊಲ ಎಂದೇ ಹೆಸರು. ಹೊರಗಿನವನೊಬ್ಬ ಬಂದು ಊರಿನ ನೆಲದಲ್ಲಿ ಕೋಟೆ ಕಟ್ಟತೊಡಗಿದಾಗ, ಹಗಲು ಎದ್ದ ಗೋಡೆಯನ್ನು ಆಕೆ ರಾತ್ರಿ ಒಂದು ಕಲ್ಲಿನ ಗುಂಡೆಸೆದು ಉರುಳಿಸುತ್ತಿದ್ದಳು. ಆ ಗುಂಡುಗಲ್ಲು ಪಾಳು ಚರ್ಚಿನ ಗೋಡೆಯ ಸಂದಿನಲ್ಲಿದೆ, ಬಂದವರು ಮುಟ್ಟಿ ನಮಸ್ಕರಿಸುತ್ತಾರೆ.

ಎಲ್ಲಕ್ಕಿಂತ ಹೆಸರಾದದ್ದು ಜೇನಿನ ಕಥೆ. ದನಗಳ್ಳರ ಗುಂಪೊಂದು ಊರಿನ ದನಗಳನ್ನು ಹೊಡೆದುಕೊಂಡು ಹೋಗುತ್ತಿತ್ತು. ಗೊಬ್ನಿಟ್ ತನ್ನ ಜೇನುಗೂಡುಗಳನ್ನು ಬಿಚ್ಚಿ ನೊಣಗಳನ್ನು ಅವರ ಮೇಲೆ ಬಿಟ್ಟಳು. ಕಳ್ಳರು ದನ ಬಿಟ್ಟು ಓಡಿದರು. ಇನ್ನೊಂದು ರೂಪದಲ್ಲಿ ಜೇನುನೊಣಗಳು ಸೈನಿಕರಾಗುತ್ತವೆ, ಗೂಡು ಲೋಹದ ಶಿರಸ್ತ್ರಾಣವಾಗುತ್ತದೆ. ಈ ಎರಡನೆಯ ರೂಪ ಕೇಳುವಾಗ ಹೆಸರಿನಲ್ಲಿ ಅಡಗಿದ ಕಮ್ಮಾರ ಮತ್ತೆ ನೆನಪಾಗುತ್ತಾನೆ.

ಆ ಕಾಲದ ಐರ್ಲೆಂಡಿನಲ್ಲಿ ಜೇನು ಸಾಕುವುದು ಹವ್ಯಾಸವಾಗಿರಲಿಲ್ಲ. ಸಕ್ಕರೆ ಕಾಣದ ನಾಡಿಗೆ ಸಿಹಿಯೆಂದರೆ ಜೇನುತುಪ್ಪ. ಗಾಯಕ್ಕೆ ಹಚ್ಚುವುದಕ್ಕೂ ಅದೇ. ಚರ್ಚಿನ ದೀಪಕ್ಕೆ ಮೇಣ ಬೇಕಿತ್ತು, ಮಠದ ಮಕ್ಕಳು ಅಕ್ಷರ ತಿದ್ದುವುದೂ ಮೇಣ ಬಳಿದ ಹಲಗೆಯ ಮೇಲೆ. 1914ರಲ್ಲಿ ಆಂಟ್ರಿಮ್ ಕೌಂಟಿಯ ಸ್ಪ್ರಿಂಗ್‌ಮೌಂಟ್ ಜೌಗಿನಲ್ಲಿ ಸಿಕ್ಕ, ಬೈಬಲ್ಲಿನ ಕೀರ್ತನೆಗಳನ್ನು ಗೀಚಿದ ಮೇಣದ ಹಲಗೆಗಳು ಸುಮಾರು ಸಾವಿರದ ನಾನೂರು ವರ್ಷ ಹಳೆಯವು. 7ನೇ ಶತಮಾನದ ಐರಿಷ್ ಕಾನೂನುಗಳಲ್ಲಿ 'ಬೆಖ್‌ವ್ರೆಹಾ' ಎಂಬ ಇಡೀ ಒಂದು ಗ್ರಂಥ ಜೇನುನೊಣಗಳಿಗೇ ಮೀಸಲು. ಒಬ್ಬನ ಜೇನು ನೆರೆಯವನ ಹೊಲದ ಹೂವಿನಲ್ಲಿ ಮೇಯ್ದರೆ ನೆರೆಯವನಿಗೆ ಪಾಲುಂಟು, ದಾರಿಹೋಕನನ್ನು ಕಚ್ಚಿದರೆ ಸಾಕಿದವನು ಪರಿಹಾರ ಕೊಡಬೇಕು ಎಂದೆಲ್ಲ ಅದು ವಿಧಿಸುತ್ತದೆ. ಜೇನು ಕಚ್ಚಿ ಕಣ್ಣು ಕಳೆದುಕೊಂಡು, ಅಂಗಹೀನನು ಅರಸನಾಗಬಾರದೆಂಬ ನಿಯಮದಿಂದ ಪಟ್ಟದಿಂದ ಇಳಿಯಬೇಕಾದ ಕೊಂಗಲ್ ಎಂಬ ರಾಜನ ಉದಾಹರಣೆಯೂ ಅಲ್ಲಿದೆ. ಹೀಗೆ ರಾಜನನ್ನೇ ಕೆಳಗಿಳಿಸಬಲ್ಲ ಜೀವಿಯನ್ನು ಪಳಗಿಸಿದವಳು ಜನರ ಕಣ್ಣಿಗೆ ಎಂಥವಳಾಗಿ ಕಂಡಿರಬೇಕು!

ಸಂತಳು ಜೇನಿನವಳಾದರೂ ಊರಿನ ಮಣ್ಣು ಹೆಸರಿನ ಪಕ್ಷವನ್ನೇ ವಹಿಸಿತು. 1951ರಲ್ಲಿ ಕಾರ್ಕ್ ವಿಶ್ವವಿದ್ಯಾಲಯದ ಪ್ರಾಕ್ತನಶಾಸ್ತ್ರಜ್ಞ ಎಂ. ಜೆ. ಓ'ಕೆಲಿ ಬಾಲಿವೋರ್ನಿಯಲ್ಲಿ ಗೊಬ್ನಿಟ್‌ಳ ಮನೆ ಎಂದು ಜನ ಕರೆಯುತ್ತಿದ್ದ ದುಂಡನೆಯ ಕಲ್ಲುಮನೆಯ ಅಡಿಪಾಯವನ್ನು ಅಗೆಸಿದರು. ಮುಂದೆ ನ್ಯೂಗ್ರೇಂಜ್ ಸಮಾಧಿ ಗುಡ್ಡದ ಉತ್ಖನನದಿಂದ ಜಗತ್ತಿಗೇ ಪರಿಚಿತರಾದವರು ಇವರು. ಬಾಲಿವೋರ್ನಿಯ ಆ ಮನೆಯಲ್ಲಿ ದೊರೆತದ್ದರಲ್ಲಿ ಮುಖ್ಯವಾದದ್ದು ಕಬ್ಬಿಣದ ಕಿಟ್ಟ, ಕಬ್ಬಿಣ ಕಾಯಿಸಿದ ಗುಂಡಿಗಳ ಗುರುತು. ಪುಟ್ಟ ಕಮ್ಮಾರಗಿತ್ತಿಯ ಮನೆಯೆಂದು ಹೆಸರಾದ ಜಾಗ ನಿಜಕ್ಕೂ ಒಂದು ಕಾಲದಲ್ಲಿ ಕುಲುಮೆಯಾಗಿತ್ತು. ಅಲ್ಲಿ ದುಡಿದವರು ಯಾರೆಂದು ಕಿಟ್ಟ ಹೇಳುವುದಿಲ್ಲ. ಕಮ್ಮಾರರು ಪೂಜಿಸುತ್ತಿದ್ದ ಹಳೆಯ ದೇವತೆಯೊಬ್ಬಳು ಮುಂದೆ ಕ್ರೈಸ್ತ ಸಂತಳಾಗಿ ಬದಲಾದಳೇ, ಅಥವಾ ಕಮ್ಮಾರರ ಊರಿಗೆ ಬಂದ ಸನ್ಯಾಸಿನಿಗೆ ಆ ಹೆಸರು ಅಂಟಿತೇ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಕುಲುಮೆ, ಹೆಸರು, ಸಂತಳು ಮೂರೂ ಒಂದೇ ಕಡೆ ಕೂಡಿರುವುದು ಆಕಸ್ಮಿಕವೆಂದು ನಂಬುವುದಂತೂ ಕಷ್ಟ.

ಸಂತಳ ಹಬ್ಬ ಇಂದಿಗೂ ನಡೆಯುತ್ತದೆ. ಭಕ್ತರು ಮನೆಯ ಅಡಿಪಾಯ, ಸಮಾಧಿ, ಪಾಳು ಚರ್ಚು, ಪುಣ್ಯಬಾವಿಗಳ ಸುತ್ತ ಪ್ರಾರ್ಥನೆ ಹೇಳುತ್ತ ನಿಗದಿಯಾದ ಕ್ರಮದಲ್ಲಿ ಪ್ರದಕ್ಷಿಣೆ ಹಾಕುತ್ತಾರೆ. 1601ರಲ್ಲಿಯೇ ಪೋಪ್ ಎಂಟನೆಯ ಕ್ಲೆಮೆಂಟ್ ಈ ಯಾತ್ರೆಗೆ ವಿಶೇಷ ಪಾಪವಿಮೋಚನೆಯ ಮನ್ನಣೆ ಕೊಟ್ಟಿದ್ದರು. ಫೆಬ್ರವರಿ 11ರಂದು ಸುಮಾರು 13ನೇ ಶತಮಾನದ ಮರದ ಮೂರ್ತಿಯೊಂದನ್ನು ಚರ್ಚಿನಲ್ಲಿ ಹೊರಗಿಡುತ್ತಾರೆ. ಈ ಮೂರ್ತಿಯನ್ನು ಬಹುಕಾಲ ಜೋಪಾನ ಮಾಡಿದ್ದು ಓ'ಹರ್ಲಿಹಿ ಎಂಬ ಸ್ಥಳೀಯ ಮನೆತನ. ಬಂದವರು ತಂದ ರಿಬ್ಬನ್ನನ್ನು ಮೂರ್ತಿಯ ಉದ್ದಕ್ಕೂ ಸುತ್ತಲೂ ಹಿಡಿದು ಅಳೆದು ಮನೆಗೆ ಒಯ್ಯುತ್ತಾರೆ. ಇದಕ್ಕೆ 'ಗೊಬ್ನಿಟ್‌ಳ ಅಳತೆ' ಎಂದೇ ಹೆಸರು. ಯಾರಿಗಾದರೂ ಜ್ವರ, ನೋವು ಬಂದರೆ, ದನ ಕಾಯಿಲೆ ಬಿದ್ದರೆ ಆ ರಿಬ್ಬನ್ ಹೊರಬರುತ್ತದೆ.

ಇಷ್ಟೊಂದು ಭಕ್ತಿ ಇದ್ದ ಊರಿನಲ್ಲಿ ಹೆಣ್ಣುಮಕ್ಕಳಿಗೆ ಸಂತಳ ಹೆಸರಿಡುವುದು ಸಹಜವಾಗಿತ್ತು. ಆದರೆ ಆ ಹೆಸರು ಕಾಗದದ ಮೇಲೆ ಬರುತ್ತಿದ್ದುದು ಬೇರೆ ವೇಷದಲ್ಲಿ. ಇಂಗ್ಲಿಷ್ ಆಡಳಿತ ಗಟ್ಟಿಯಾದಂತೆ ಕೋರ್ಟು, ಶಾಲೆ, ಜಮೀನು ಪತ್ರ, ಚರ್ಚಿನ ದಾಖಲೆ ಎಲ್ಲ ಇಂಗ್ಲಿಷ್ ಅಥವಾ ಲ್ಯಾಟಿನ್‌ಗೆ ತಿರುಗಿದವು. 1864ರಿಂದ ಐರ್ಲೆಂಡಿನಲ್ಲಿ ಎಲ್ಲರ ಜನನ ನೋಂದಣಿಯೂ ಸರ್ಕಾರಿ ಕೆಲಸವಾಯಿತು. ಐರಿಷ್ ಹೆಸರುಗಳನ್ನು ಇದ್ದಂತೆ ಬರೆಯುವ ಪದ್ಧತಿ ಇರಲಿಲ್ಲ. ಪ್ರತಿಯೊಂದಕ್ಕೂ ಒಂದು ಇಂಗ್ಲಿಷ್ ಹೆಸರು ಗೊತ್ತುಮಾಡಿಕೊಂಡಿದ್ದರು. ಡಿಯರ್ಮಡ್ ಎಂಬವನು ಜೆರೆಮಯಾ ಆದ, ತೈಗ್ ಎಂಬವನು ತಿಮೋತಿ ಆದ, ಕೊನ್ನೊರ್ ಕಾರ್ನೀಲಿಯಸ್ ಆದ. ಊನಾ ಎಂಬವಳು ವಿನಿಫ್ರೆಡ್ ಅಥವಾ ಆಗ್ನೆಸ್ ಆದಳು. ಅರ್ಥಕ್ಕೂ ಮೂಲಕ್ಕೂ ಸಂಬಂಧವಿಲ್ಲ, ಹೆಚ್ಚೆಂದರೆ ಎಲ್ಲೋ ಒಂದೆರಡು ಅಕ್ಷರ ಹೊಂದಿದರೆ ಸಾಕು.

ಗೊಬ್ನಿಟ್‌ಗೆ ಹೀಗೆ ಸಿಕ್ಕ ಇಂಗ್ಲಿಷ್ ವೇಷಗಳು ಒಂದೆರಡಲ್ಲ: ಅಬಿಗೇಲ್, ಅಬ್ಬಿ, ಅಬಿನಾ, ಡೆಬೊರಾ, ವೆಬ್ಬಿ. ಮನೆಯಲ್ಲಿ ಗಬ್ಬಿ ಎಂದು ಕರೆಸಿಕೊಳ್ಳುತ್ತಿದ್ದವಳು ಶಾಲೆಯ ಹಾಜರಿಯಲ್ಲಿ ಅಬಿಗೇಲ್ ಆಗಿರುತ್ತಿದ್ದಳು. ಕಾರ್ಕ್, ಕೆರಿಗಳಿಂದ ಹಡಗು ಹತ್ತಿ ಅಮೆರಿಕಕ್ಕೆ ಹೋದ ಅಬ್ಬಿಯರ, ಡೆಬೊರಾಗಳ ಹಿಂದೆ ಇಂದು ವಂಶಾವಳಿ ಹುಡುಕುವವರಿಗೆ ಗೊಬ್ನಿಟ್‌ಗಳು ಸಿಗುವುದು ಇದಕ್ಕೇ.

ಆರಂಭದಲ್ಲಿ ಹೇಳಿದ ತಪ್ಪು ಅರ್ಥಗಳ ಗುಟ್ಟು ಇಲ್ಲಿಯೇ ಇದೆ. ಡೆಬೊರಾ ಹೀಬ್ರೂ ಹೆಸರು. ಅದರ ಅರ್ಥ ಜೇನುನೊಣ. ಜೇನಿನ ಸಂತಳ ಹೆಸರಿಗೆ ಅದನ್ನು ಆರಿಸಿದವರು ಬೈಬಲ್ ಚೆನ್ನಾಗಿ ಬಲ್ಲ ಪಾದ್ರಿಗಳೇ ಇರಬೇಕು, ಈ ಒಂದು ಆಯ್ಕೆಯಲ್ಲಾದರೂ ಜಾಣತನ ಕಾಣುತ್ತದೆ. ಅಬಿಗೇಲ್ ಕೂಡ ಹೀಬ್ರೂವೇ, ಅದರ ಅರ್ಥ ತಂದೆಯ ಸಂತೋಷ. ವೇಷಗಳ ಅರ್ಥವನ್ನೇ ನಂತರದವರು ತೊಟ್ಟವಳ ಅರ್ಥವೆಂದು ಬರೆದುಕೊಂಡಂತೆ ಕಾಣುತ್ತದೆ. ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಕಮ್ಮಾರ ಬಿಟ್ಟುಹೋದ, ಜೇನು ಮತ್ತು ಸಂತೋಷ ಉಳಿದವು. ಇನ್ನೊಂದು ವ್ಯಂಗ್ಯವೂ ಇದರಲ್ಲಿ ಸೇರಿದೆ. 17ನೇ ಶತಮಾನದ ಇಂಗ್ಲಿಷ್ ನಾಟಕವೊಂದರ ಪಾತ್ರದ ದೆಸೆಯಿಂದ ಇಂಗ್ಲಿಷರ ಬಾಯಲ್ಲಿ 'ಅಬಿಗೇಲ್' ಎಂದರೆ ದೊಡ್ಡಮನೆಯ ದಾಸಿ ಎಂಬ ಅರ್ಥ ಬಂದಿತ್ತು. ಮಠದ ಒಡತಿಯ ಹೆಸರನ್ನು ಮಗಳಿಗಿಟ್ಟ ತಾಯಿಗೆ ದಾಖಲೆಯಲ್ಲಿ ದೊರೆಯುತ್ತಿದ್ದುದು ದಾಸಿಯ ಹೆಸರು.

ದಾಖಲೆಯ ವೇಷ ಕಳಚಿ ಗೊಬ್ನಿಟ್ ಎಂಬ ಹೆಸರನ್ನು ಬೇಕೆಂದೇ ತೊಟ್ಟವಳೊಬ್ಬಳಿದ್ದಾಳೆ. ಆಲ್ಬಿನಿಯಾ ಬ್ರಾಡ್ರಿಕ್ 1861ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಶ್ರೀಮಂತ ವಂಶದ ಮಗಳು. ಐರ್ಲೆಂಡಿನಲ್ಲಿ ಆ ವಂಶಕ್ಕೆ ದೊಡ್ಡ ಜಮೀನುದಾರಿಕೆ ಇತ್ತು. ಅವಳ ಅಣ್ಣ ಸೇಂಟ್ ಜಾನ್ ಬ್ರಾಡ್ರಿಕ್ ಭಾರತೀಯ ಓದುಗರಿಗೆ ಅಪರಿಚಿತನಲ್ಲ. 1903ರಿಂದ 1905ರವರೆಗೆ ಲಂಡನ್ನಿನಲ್ಲಿ ಭಾರತ ಮಂತ್ರಿಯಾಗಿದ್ದವನು ಅವನೇ. ಸೇನಾಡಳಿತದ ಜಗಳದಲ್ಲಿ ವೈಸರಾಯ್ ಕರ್ಜನ್‌ಗೆ ವಿರುದ್ಧವಾಗಿ ದಂಡನಾಯಕ ಕಿಚನರ್‌ನ ಕಡೆ ವಾಲಿದ, ಕರ್ಜನ್ ರಾಜೀನಾಮೆ ಕೊಡುವಂತಾಯಿತು. ಅಣ್ಣ ಸಾಮ್ರಾಜ್ಯ ನಡೆಸುತ್ತಿದ್ದರೆ ತಂಗಿ ನರ್ಸ್ ತರಬೇತಿ ಪಡೆದು, ಕೆರಿಯ ಕಹರ್‌ಡೇನಿಯಲ್ ಬಳಿ ಬಡವರಿಗಾಗಿ ಆಸ್ಪತ್ರೆ ಕಟ್ಟಹೊರಟಳು, ಐರಿಷ್ ಕಲಿತಳು, ಸಾಮ್ರಾಜ್ಯದ ವಿರೋಧಿಯಾದಳು. ತನ್ನ ಹೆಸರನ್ನು ಗೊಬ್ನಿಟ್ ನಿ ವ್ರುವದಿರ್ ಎಂದು ಬದಲಿಸಿಕೊಂಡಳು. ಗೊಬ್ನಿಟ್‌ಗೆ ಇದ್ದ ಅಬಿನಾ ಎಂಬ ಇಂಗ್ಲಿಷ್ ರೂಪ ಅವಳ ಹುಟ್ಟುಹೆಸರಾದ ಆಲ್ಬಿನಿಯಾಕ್ಕೆ ತೀರ ಹತ್ತಿರ. ದಾಖಲೆಗಾರರ ದಾರಿಯಲ್ಲಿಯೇ ಅವಳು ತಿರುಗಿ ನಡೆದಂತಾಯಿತು. ಐರ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ, 1923ರಲ್ಲಿ, ಹೊಸ ಐರಿಷ್ ಸರ್ಕಾರದ ಸೈನಿಕರ ಗುಂಡು ಅವಳ ಕಾಲಿಗೆ ತಗುಲಿತು. ಅರುವತ್ತು ದಾಟಿದ್ದ ಅವಳನ್ನು ಬಂಧಿಸಿದಾಗ ಉಪವಾಸ ಕುಳಿತಳು. 1955ರಲ್ಲಿ ತೀರಿಕೊಂಡಳು.

ಕಲೆಯಲ್ಲಿ ಈ ಹೆಸರಿಗೆ ಸಿಕ್ಕ ದೊಡ್ಡ ಗೌರವ ಕಾರ್ಕ್ ನಗರದ ಹೋನನ್ ಚಾಪೆಲ್‌ನಲ್ಲಿದೆ. 1916ರಲ್ಲಿ ಪ್ರತಿಷ್ಠಾಪನೆಯಾದ ಈ ಪುಟ್ಟ ಪ್ರಾರ್ಥನಾ ಮಂದಿರದ ಹತ್ತೊಂಬತ್ತು ಬಣ್ಣದ ಗಾಜಿನ ಕಿಟಕಿಗಳಲ್ಲಿ ಹನ್ನೊಂದನ್ನು ಮಾಡಿದವನು ಹ್ಯಾರಿ ಕ್ಲಾರ್ಕ್, ಆಗಿನ್ನೂ ಇಪ್ಪತ್ತರ ಹರೆಯದ ಯುವಕ. ಅವುಗಳಲ್ಲಿ ಗೊಬ್ನಿಟ್‌ಳ ಕಿಟಕಿಯ ಮುಂದೆ ಜನ ಹೆಚ್ಚು ಹೊತ್ತು ನಿಲ್ಲುತ್ತಾರೆ. ಗಾಢ ನೀಲಿಯ ನಿಲುವಂಗಿ, ಚೂಪು ಮುಖ, ಕೆಂಪು ಕೂದಲು. ಸುತ್ತ ಜೇನುನೊಣಗಳು, ಬೆದರಿದ ಕಳ್ಳರು. ಸಂತರನ್ನು ಸೌಮ್ಯವಾಗಿ ಚಿತ್ರಿಸುವ ರೂಢಿಯನ್ನು ಕ್ಲಾರ್ಕ್ ಪಾಲಿಸಿಲ್ಲ. ಅವನ ಗೊಬ್ನಿಟ್ ಸ್ವಲ್ಪ ಹೆದರಿಸುವಂತಿದ್ದಾಳೆ, ಕಮ್ಮಾರನ ಮೂಲದ ಹೆಸರಿಗೆ ಅದೇ ಸರಿಯೆನಿಸುತ್ತದೆ.

1893ರಲ್ಲಿ ಐರಿಷ್ ನುಡಿಯನ್ನು ಉಳಿಸಲು ಗೇಲಿಕ್ ಲೀಗ್ ಎಂಬ ಸಂಘ ಹುಟ್ಟಿದ ಮೇಲೆ ಐರಿಷ್ ಹೆಸರುಗಳಿಗೆ ಮತ್ತೆ ಗೌರವ ಬಂತು. ಜನ ಇಂಗ್ಲಿಷ್ ವೇಷ ಕಳಚಿ ಹಳೆಯ ಹೆಸರಿಗೆ ಮರಳಿದರು. ಆದರೆ ಹೊಸ ತಲೆಮಾರಿನ ತಂದೆತಾಯಿ ಒಲಿದದ್ದು ಪುರಾಣದ ಸುಂದರಿಯರಾದ ನೀವ್, ಡೇರ್ಡ್ರ, ಗ್ರಾನ್ಯರಿಗೆ. ಗೊಬ್ನಿಟ್ ಹಿಂದೆಯೇ ಉಳಿಯಿತು. ಅದಕ್ಕೆ ಅರ್ಥ ಕಾರಣವಲ್ಲ, ಸದ್ದು ಕಾರಣ. ಇಂಗ್ಲಿಷ್ ಆಡುಮಾತಿನಲ್ಲಿ 'ಗಾಬ್' ಎಂದರೆ ಬಾಯಿ, ಅದೂ ಒರಟಾಗಿ ಬೈಯುವಾಗ ಬಳಸುವ ಪದ. ಮಗಳನ್ನು ಇಂಗ್ಲಿಷ್ ಶಾಲೆಗೆ ಕಳಿಸುವ ತಾಯಿ ಹಿಂಜರಿದರೆ ತಪ್ಪು ಹೇಳುವಂತಿಲ್ಲ. ಹಳೆ ಕಾಲದ ಹಳ್ಳಿಯ ಅಜ್ಜಿಯ ಹೆಸರೆಂದು ತಮಾಷೆ ಮಾಡುವುದೂ ಐರ್ಲೆಂಡಿನಲ್ಲಿ ಉಂಟು.

ಈಗ ಹೆಸರು ಜನರಿಗಿಂತ ಜಾಗಗಳಲ್ಲಿ ಹೆಚ್ಚು ಕಾಣುತ್ತದೆ. ಕೆರಿಯಲ್ಲೂ ವಾಟರ್‌ಫರ್ಡ್‌ನಲ್ಲೂ ಕಿಲ್‌ಗೊಬ್ನೆಟ್ ಎಂಬ ಊರುಗಳಿವೆ. ಗೊಬ್ನಿಟ್‌ಳ ಚರ್ಚು ಎಂದು ಅದರ ಅರ್ಥ. ಡಿಂಗಲ್ ಪರ್ಯಾಯದ್ವೀಪದ ತುದಿಯ ಡನ್‌ಕ್ವಿನ್‌ನಲ್ಲಿಯೂ ಅವಳ ಬಾವಿಯಿದೆ, ಫೆಬ್ರವರಿಯಲ್ಲಿ ಹಬ್ಬವಿದೆ. ಬಾಲಿವೋರ್ನಿಯ ಗೊಬ್ನಿಟ್ ಸ್ಮಶಾನದಲ್ಲಿ ಐರಿಷ್ ಸಂಗೀತಕ್ಕೆ ಹೊಸ ದಾರಿ ತೋರಿದ ಸಂಯೋಜಕ ಷಾನ್ ಓ ರಿಯಾಡಾ ಮತ್ತು ಅದೇ ಊರಿನಲ್ಲಿ ಹುಟ್ಟಿದ ಕವಿ ಷಾನ್ ಓ ರಿರ್‌ಡಾನ್ ಇಬ್ಬರ ಸಮಾಧಿಗಳೂ ಇವೆ. ಐರ್ಲೆಂಡಿನ ಜೇನು ಸಾಕಣೆಗಾರರು ಅವಳನ್ನು ತಮ್ಮ ಕಸುಬಿನ ಕಾಪಾಡುವ ಸಂತಳೆಂದು ನೆನೆಯುತ್ತಾರೆ. ಮನ್‌ಸ್ಟರ್‌ನ ಐರಿಷ್ ನುಡಿಯ ಮನೆಗಳಲ್ಲಿ ಈ ಹೆಸರು ಇನ್ನೂ ಅಲ್ಲೊಂದು ಇಲ್ಲೊಂದು ಮಗುವಿಗೆ ಸಿಗುತ್ತದೆ, ಕೆಲವು ಮನೆಗಳಲ್ಲಿ ಅಜ್ಜಿಯ ನೆನಪಿಗೆಂದು ಎರಡನೆಯ ಹೆಸರಾಗಿ.